ಫಸ್ಟ್ ಶಿಫ್ಟ್ ಕಾಫಿ

ಮೇ ಕೊನೆಯಲ್ಲಿ ಆಫೀಸಿನಿಂದ ಒಂದು ಮೇಲ್ ಬಂತು. ನಮ್ಮ ಟೀಮನ್ನು ಅಮೆರಿಕದ ಪ್ರಾಜೆಕ್ಟಿನಿಂದ ತೆಗೆದು ಸಿಡ್ನಿಯ ಕ್ಲೈಂಟಿಗೆ ಹಾಕಿದ್ದಾರೆ, ಜೂನ್ ಮಧ್ಯದಿಂದ ಬೆಳಗ್ಗೆ 6.30ಕ್ಕೆ ಲಾಗಿನ್. ಸಿಡ್ನಿಯಲ್ಲಿ ಆಗ 11 ಗಂಟೆ. ಅವರು ಎರಡನೇ ಕಾಫಿ ಮುಗಿಸಿ ಆರಾಮಾಗಿ ಮೀಟಿಂಗಿಗೆ ಕೂರೋ ಹೊತ್ತು. ನಾವೋ, 4 ವರ್ಷದಿಂದ ರಾತ್ರಿ 11ರ ತನಕ ಕಾಲ್‌ನಲ್ಲಿದ್ದು, ಒಂದೂವರೆಗೆ ಮಲಗಿ, ಒಂಬತ್ತಕ್ಕೆ ಹಲ್ಲುಜ್ಜುವ ಜನ. ಮನೆಯಿಂದಲೇ ಕೆಲಸ ಅನ್ನೋದೊಂದೇ ಸಮಾಧಾನ.

ಟೀಮ್ ಗ್ರೂಪಿನಲ್ಲಿ ಅವತ್ತೇ ಸಲಹೆಗಳು ಶುರುವಾದವು. ಐದಕ್ಕೆ ಎದ್ದು ಬದುಕನ್ನೇ ಬದಲಾಯಿಸಿಕೊಂಡವರ ರೀಲ್ಸ್, ತಣ್ಣೀರು ಸ್ನಾನ, ಡೈರಿ ಬರೆಯೋದು, ಇಪ್ಪತ್ತೊಂದು ದಿನದ ಚಾಲೆಂಜು. ಅದರ ಜೊತೆಗೆ ಎಲ್ಲರ ಬಾಯಲ್ಲೂ ಇದ್ದ ಇನ್ನೊಂದು ನಿಯಮ: ಎದ್ದ ಮೇಲೆ 90 ನಿಮಿಷ ಕಾಫಿ ಮುಟ್ಟಬಾರದು. ನಾನು ಕೊಪ್ಪದ ಕಡೆಯವಳು. ಮನೆ ಅಂಗಳದಿಂದ ನಾಲ್ಕು ಹೆಜ್ಜೆ ಇಟ್ಟರೆ ಕಾಫಿ ಗಿಡ. ಈ ನಿಯಮವನ್ನು ಊರಲ್ಲಿ ಹೇಳಿದರೆ ನಾಯಿ ಕೂಡ ನಗುತ್ತೆ.

ಆದರೂ ಸುಮ್ಮನೆ ನಗಬಾರದು ಅಂತ ಸ್ವಲ್ಪ ಓದಿದೆ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗುತ್ತೆ. ಅದಕ್ಕೆ ಅಂತಲೇ ಇರೋ ಜಾಗಗಳಲ್ಲಿ ಅದು ಕೂತರೆ ನಮಗೆ ನಿದ್ದೆ ಎಳೆಯುತ್ತೆ. ಕಫೀನ್ ಮಾಡೋ ಕೆಲಸ ಇಷ್ಟೇ: ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ನಾವು ಕಿಟಕಿಯಿಂದ ಬಸ್ಸಿನ ಸೀಟಿಗೆ ಕರ್ಚೀಫ್ ಹಾಕ್ತೀವಲ್ಲ, ಹಾಗೆ ಬಂದು ಸೀಟು ಹಿಡಿಯುತ್ತೆ. ಅಡೆನೋಸಿನ್ ನಿಂತುಕೊಂಡೇ ಪ್ರಯಾಣ ಮಾಡಬೇಕು. ಕರ್ಚೀಫ್ ತೆಗೆದ ತಕ್ಷಣ ಅದು ಕೂರುತ್ತೆ, ನಾವು ಆಕಳಿಸ್ತೀವಿ. ಒಂದು ಲೋಟ ಕಾಫಿಯ ಕಫೀನ್‌ನಲ್ಲಿ ಅರ್ಧ ಕರಗೋಕೆ ಸಾಮಾನ್ಯವಾಗಿ 5 ಗಂಟೆ ಬೇಕು. ಅದೂ ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಥರ. ಅಂದರೆ ಸಂಜೆ 4.30ರ ಕಾಫಿ ರಾತ್ರಿ 9.30ಕ್ಕೂ ಅರ್ಧ ಲೋಟ ಒಳಗೇ ಇರುತ್ತೆ. ಬೆಳಗಿನ ಕಾಫಿಯನ್ನು 90 ನಿಮಿಷ ತಡ ಮಾಡೋದಕ್ಕಿಂತ ಸಂಜೆಯ ಕಾಫಿಯನ್ನು ಬಿಡೋದು ಲಾಭ ಅಂತ ನನ್ನ ಲೆಕ್ಕ. ಬಿಟ್ಟೆ. ಒಂದು ವಾರ ತಲೆನೋವು ಬಂತು, ಆಮೇಲೆ ಹೋಯ್ತು.

ಇನ್ನೊಂದು ವಿಷಯ. ಮೈಯೊಳಗಿನ ಗಡಿಯಾರ ಬಹಳಷ್ಟು ಜನರಲ್ಲಿ 24 ಗಂಟೆಗಿಂತ ಚೂರು ಉದ್ದ. ಅದಕ್ಕೇ ತಡವಾಗಿ ಮಲಗೋದು ಯಾರಿಗೂ ಕಲಿಸಬೇಕಾಗಿಲ್ಲ, ಬೇಗ ಮಲಗೋದೇ ಕಷ್ಟ. ನಮ್ಮದು ಆ ಕಷ್ಟದ ದಿಕ್ಕಿನ ಬದಲಾವಣೆ. ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿಸುತ್ತಾ ಬಂದೆ, ಜೂನ್ 15ರ ಹೊತ್ತಿಗೆ ಹೊರಗಿನಿಂದ ನೋಡೋಕೆ ಎಲ್ಲ ಸರಿಯಾಗಿತ್ತು.

ಮೊದಲ ದಿನ 4.50ಕ್ಕೆ ಎದ್ದು ಹಾಲ್‌ಗೆ ಬಂದರೆ, ಕತ್ತಲಲ್ಲಿ ಮಾವ ಕೂತಿದ್ದರು.

ಅವರಿಗೆ 71. ಕಳೆದ ನವೆಂಬರ್‌ನಲ್ಲಿ ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ, ಶ್ರೀನಗರದ ಇದೇ ಮನೆಯಲ್ಲೇ ಇದ್ದಾರೆ. ಸರಿಯಾಗಿ ಹೇಳಬೇಕು ಅಂದ್ರೆ ನಾವು ಅವರ ಮನೆಯಲ್ಲಿದ್ದೀವಿ. ಲೈಟ್ ಹಾಕದೆ, ಟಿವಿ ಹಾಕದೆ, ಕೈಯಲ್ಲಿ ಒಂದು ಸ್ಟೀಲ್ ಲೋಟ ಹಿಡಿದು ಕೂತಿದ್ದರು. ಲೋಟದಲ್ಲಿ ಬಿಸಿನೀರಿಗೆ ಕಲಸಿದ ಇನ್‌ಸ್ಟಂಟ್ ಪುಡಿ, ಹಾಲೂ ಇಲ್ಲ.

'ಯಾಕಮ್ಮ, ಹುಷಾರಿಲ್ವಾ?' ಅಂದರು.

ಆಫೀಸ್ ಸಮಯ ಬದಲಾದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಓ, ನಿಂದೂ ಫಸ್ಟ್ ಶಿಫ್ಟಾ!' ಅಂದರು. ಮದುವೆಯಾಗಿ 3 ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವರು ಖುಷಿಯಿಂದ ಆಡಿದ ಮೊದಲ ಮಾತು ಅದು. ಅಲ್ಲಿವರೆಗೆ ನಾವಿಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಟೈಮ್‌ಝೋನ್‌ನಲ್ಲಿ ಇದ್ದವರು. ನಾನು ಏಳೋ ಹೊತ್ತಿಗೆ ಅವರು ವಾಕಿಂಗ್, ದೇವಸ್ಥಾನ ಎಲ್ಲ ಮುಗಿಸಿ ಪೇಪರ್ ಮಡಚಿ ಇಡುತ್ತಿದ್ದರು. ನಾನು ಊಟಕ್ಕೆ ಬರೋಷ್ಟರಲ್ಲಿ ಅವರ ಕೋಣೆಯ ದೀಪ ಆರಿರುತ್ತಿತ್ತು.

ಮಾವ 27 ವರ್ಷ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಫ್ಯಾಕ್ಟರಿಯಲ್ಲಿದ್ದವರು. ಬೆಳಗ್ಗೆ ಬೇಗ ಎದ್ದು ಲಾಗಿನ್ ಆಗೋದು ನಮ್ಮ ಐಟಿಯವರ ಹೊಸ ಸಂಕಟ ಅಂತ ನಾವು ಅಂದುಕೊಳ್ತೀವಿ, ಆದರೆ ಈ ಊರಿಗೆ ಅದು ಹಳೇ ಅಭ್ಯಾಸ. ಎಚ್‌ಎಎಲ್ ಶುರುವಾಗಿದ್ದು 1940ರಲ್ಲಿ, ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಸಾಫ್ಟ್‌ವೇರ್ ಬರೋಕೆ ಎಷ್ಟೋ ಮೊದಲೇ ಅರ್ಧ ಬೆಂಗಳೂರು ಫ್ಯಾಕ್ಟರಿ ಬಸ್ಸಿನ ಟೈಮಿಗೆ ಏಳುತ್ತಿತ್ತು, ಫ್ಯಾಕ್ಟರಿ ಬಸ್ಸಿನ ಟೈಮಿಗೆ ಮಲಗುತ್ತಿತ್ತು. ಮಾವನ ಬಸ್ಸು ಶ್ರೀನಗರ ಸ್ಟಾಪಿಗೆ 4.50ಕ್ಕೆ. ಅವರು ಏಳುತ್ತಿದ್ದಿದ್ದು 4ಕ್ಕೆ. ಆ 90 ನಿಮಿಷದ ನಿಯಮ ಹೇಳಿದೆ. 'ಅಷ್ಟೊತ್ತು ಕಾದಿದ್ರೆ ಬಸ್ಸು ಯಶವಂತಪುರದಲ್ಲಿರ್ತಿತ್ತು, ನಾನು ಕಾಫಿಗೆ ಕಾಯ್ತಾ ಮನೇಲಿರ್ತಿದ್ದೆ' ಅಂದರು.

ಅವರು ಕೊಟ್ಟ ಸಲಹೆ ಎರಡೇ. ಭಾನುವಾರ ಅಂತ ಎಂಟರ ತನಕ ಮಲಗಿದರೆ ಸೋಮವಾರ ಮತ್ತೆ ಮೊದಲಿಂದ ಶುರು ಮಾಡಬೇಕು. ಎದ್ದ ತಕ್ಷಣ ಬಾಗಿಲು ತೆಗೆದು ಹೊರಗೆ ಹೋಗಿ ನಿಲ್ಲಬೇಕು. ನಿದ್ದೆಯ ಬಗ್ಗೆ ಸಂಶೋಧನೆ ಮಾಡೋರೂ ಇದನ್ನೇ ಹೇಳ್ತಾರೆ: ಏಳೋ ಸಮಯ ಬದಲಾಗಬಾರದು, ಬೆಳಗಿನ ಬೆಳಕು ಕಣ್ಣಿಗೆ ಬೀಳಬೇಕು. 5 ಗಂಟೆಗೆ ಬೆಳಕು ಎಲ್ಲಿಂದ ಬರಬೇಕು ಅನ್ನೋದು ಬೇರೆ ಮಾತು. ನಾನು ಆರು ಗಂಟೆ ಸುಮಾರಿಗೆ ಟೆರೇಸಿಗೆ ಹೋಗಿ ಬರ್ತೀನಿ.

ಇನ್‌ಸ್ಟಂಟ್ ಕುಡಿಯೋದನ್ನು ಮಾತ್ರ ನೋಡೋಕಾಗಲಿಲ್ಲ. ಮನೆಯಲ್ಲಿ ಅತ್ತೆಯ ಸ್ಟೀಲ್ ಫಿಲ್ಟರ್ ಇತ್ತು, ಹಿಡಿ ಮುರಿದ ಅವರ ಅಳತೆ ಚಮಚ ಇತ್ತು. ಪುಡಿ ಯಾವುದು ಅಂತ ಕೇಳಿದರೆ ಮಾವನಿಗೆ ಗೊತ್ತಿಲ್ಲ. 'ಅವಳೇ ತರೋಳು. ಗಾಂಧಿ ಬಜಾರ್ ಹತ್ರ ಎಲ್ಲೋ' ಅಂದರು. ಗಂಡನನ್ನು ಕೇಳಿದೆ. 'ಅಮ್ಮನ ಕಾಫಿ ಪುಡಿ' ಅಂದ. ಬ್ರ್ಯಾಂಡೇ ಅದು ಅನ್ನೋ ಥರ.

ಸೂಪರ್ ಮಾರ್ಕೆಟ್ಟಿನ ಒಂದು ಪ್ಯಾಕೆಟ್ ತಂದೆ. ಚಿಕೋರಿ ಬೆರೆಸಿದರೆ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆದಿರಲೇಬೇಕು. ನೋಡದೆ ಇದ್ದರೆ ಇನ್ಮೇಲೆ ನೋಡಿ. ಕಾಫಿ ಕನಿಷ್ಠ 51 ಭಾಗ ಇದ್ದರೆ ಸಾಕು ಅನ್ನುತ್ತೆ ಕಾನೂನು, ಅಂದರೆ 49 ಭಾಗ ಚಿಕೋರಿ ತುಂಬಿದರೂ ಅದು ಮಾರಬಹುದಾದ ಮಾಲು. ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಬಣ್ಣ, ಮಂದ, ಒಂದು ಥರದ ಕಹಿ ಬರುತ್ತೆ, ಕಫೀನ್ ಇಲ್ಲ. ಮಲೆನಾಡಿನಲ್ಲಿ ಬೆಳೆದ ನನಗೆ ಚಿಕೋರಿ ಅಂದರೆ ಕಲಬೆರಕೆ. ಚಿಕೋರಿ ಇಲ್ಲದಿದ್ದರೆ ಅದು ಕಾಫಿಯೇ ಅಲ್ಲ ಅನ್ನೋದು ಈ ಮನೆಯ ಸಿದ್ಧಾಂತ. ನಾನು ತಂದ ಪ್ಯಾಕೆಟ್‌ನ ಕಾಫಿಯನ್ನು ಮಾವ ಪೂರ್ತಿ ಕುಡಿದರು, 'ಚೆನ್ನಾಗಿದೆಯಮ್ಮ' ಅಂದರು. ಚೆನ್ನಾಗಿಲ್ಲ ಅಂತ ಅದರಲ್ಲೇ ಗೊತ್ತಾಯ್ತು.

ಶನಿವಾರ ಇಬ್ಬರೂ ಗಾಂಧಿ ಬಜಾರಿಗೆ ಹೋದೆವು. ಹುರಿಯೋ ವಾಸನೆ ಹಿಡಿದು ಒಂದೊಂದೇ ಪುಡಿ ಅಂಗಡಿ ಹತ್ತಿದೆವು. ಮೂರನೇ ಅಂಗಡಿಯಲ್ಲಿ ಮಾವ ಅತ್ತೆಯ ಹೆಸರು ಹೇಳಿದರು, ಯಾರಿಗೂ ನೆನಪಾಗಲಿಲ್ಲ. ಫೋನ್ ನಂಬರ್ ಹೇಳಿ ಅಂದ ಕೌಂಟರಿನ ಹುಡುಗ. ಅದೊಂದು ಮಾವನಿಗೆ ಬಾಯಿಪಾಠ. ಹುಡುಗ ಕಂಪ್ಯೂಟರಿನಲ್ಲಿ ಹೊಡೆದು ಓದಿದ: 'ಅರ್ಧ ಪೀಬೆರಿ, ಅರ್ಧ ಪ್ಲಾಂಟೇಶನ್, ಚಿಕೋರಿ 15, ಅರ್ಧ ಕೆಜಿ. ಅಕ್ಟೋಬರ್ ಆದ್ಮೇಲೆ ಬಂದಿಲ್ಲ. ಅದನ್ನೇ ಕೊಡ್ಲಾ?'

ಹುಡುಗಿ ಎಂಜಿನಿಯರ್ ಆದ್ದರಿಂದ ನನಗೆ ಮೊದಲು ಹೊಳೆದಿದ್ದು, ಕಾನ್ಫಿಗ್ ಫೈಲ್ ಸಿಕ್ತು ಅಂತ. ಮಾವ ಪಕ್ಕಕ್ಕೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ದುಡ್ಡು ಕೊಟ್ಟೆ.

ಆ ಪುಡಿಯಲ್ಲಿ ಡಿಕಾಕ್ಷನ್ ಸರಿಯಾಗಿ ಬರೋಕೆ ಹತ್ತು ದಿನ ಬೇಕಾಯ್ತು. ಕೆಲಸ ಸರಳ: ಮೇಲಿನ ಪಾತ್ರೆಗೆ ಪುಡಿ ಹಾಕಿ, ಒತ್ತುಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿದು ಒಂದು ಕ್ಷಣ ತಣಿದ ನೀರನ್ನು ಸುತ್ತ ಸುರಿದು ಮುಚ್ಚಬೇಕು. ಜೋರಾಗಿ ಒತ್ತಿದರೆ ನೀರು ಇಳಿಯಲ್ಲ, ಒತ್ತದಿದ್ದರೆ ಸುರ್ರಂತ ಇಳಿದು ಚಹಾದ ಬಣ್ಣ ಬರುತ್ತೆ. ನೀರು ಹೀರಿಕೊಂಡು ಇಳಿಯೋ ವೇಗ ತಗ್ಗಿಸೋದರಲ್ಲಿ ಚಿಕೋರಿಯ ಪಾಲೂ ಇದೆ, ಅದನ್ನು ನಾನು ಈಗ ಒಪ್ಪುತ್ತೇನೆ, ಆದರೆ ಊರಲ್ಲಿ ಹೇಳಲ್ಲ. ಇಳಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಬಾರದು. ಬಿಸಿ ಬೇಕಾದರೆ ಬಿಸಿನೀರಿನ ಪಾತ್ರೆಯೊಳಗೆ ಇಡಬೇಕು.

ಅಷ್ಟು ಮಾಡಿದರೂ ಬೆಳಗ್ಗೆ ಐದಕ್ಕೆ ಹಾಕಿ 5.20ಕ್ಕೆ ಕುಡಿದರೆ ತೆಳು. ಒಂದು ದಿನ ಮಾವ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, 'ಅವಳು ರಾತ್ರಿ ಪಾತ್ರೆ ತೊಳೆದ ಮೇಲೆ ಹಾಕಿಡೋಳು ಅನ್ಸುತ್ತೆ' ಅಂದರು. 'ಮಲಗಿದ್ದಾಗ ಟಿಕ್ ಟಿಕ್ ಅಂತ ಶಬ್ದ ಬರ್ತಿತ್ತು. ಗಡಿಯಾರದ್ದು ಅನ್ಕೊಂಡಿದ್ದೆ.'

ಆವತ್ತಿನಿಂದ ರಾತ್ರಿ 9 ಗಂಟೆಗೆ ಫಿಲ್ಟರ್ ಹಾಕಿಡೋ ಕೆಲಸ ಮಾವನದ್ದು. ನನ್ನ ಹೊಸ ದಿನಚರಿ ಹಳಿಗೆ ಬಂದಿದ್ದೂ ಅಲ್ಲಿಂದಲೇ ಅಂತ ಕಾಣುತ್ತೆ. ಅಲಾರಂ ಇರೋದು ನನ್ನ ಫೋನಿನಲ್ಲಿ, ಅದನ್ನು ಸ್ನೂಜ್ ಮಾಡಬಹುದು. ಹೊರಗೆ ಒಬ್ಬರು ಎರಡು ಲೋಟ ತೊಳೆದು ಮಗುಚಿ ಇಟ್ಟಿದ್ದಾರೆ ಅಂತ ಗೊತ್ತಿದ್ದಾಗ ಸ್ನೂಜ್ ಒತ್ತೋಕೆ ಕೈ ಬರಲ್ಲ. ಹಾಗೇ ಅವರ ಕಡೆಯ ಒಂದು ಮಾತೂ ಅವತ್ತು ಹೊರಬಂತು. ಫಸ್ಟ್ ಶಿಫ್ಟ್ ವಾರಗಳಲ್ಲಿ ಅತ್ತೆ ಏಳುತ್ತಿದ್ದಿದ್ದು 3.45ಕ್ಕಂತೆ, ಅವರಿಗಿಂತ ಕಾಲು ಗಂಟೆ ಮೊದಲು. 27 ವರ್ಷ. 'ಅವಳಿಗೆ ಯಾವ ಫ್ಯಾಕ್ಟರೀನೂ ಇರ್ಲಿಲ್ಲ' ಅಂದರು.

ಸಂಜೆ ನಾಲ್ಕೂವರೆಗೆ ಕುಡಿಯೋ ಕಾಫಿ ಬಿಟ್ಟರೆ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗಲ್ಲ ಅಂತ ಒಮ್ಮೆ ಅವರಿಗೆ ಹೇಳಿ ನೋಡಿದೆ, ಕರ್ಚೀಫಿನ ಕಥೆ ಸಮೇತ. ಪೂರ್ತಿ ಕೇಳಿಸಿಕೊಂಡು, 'ಎಚ್ಚರ ಆಗೋದು ಕಾಫಿಯಿಂದ ಅಲ್ಲಮ್ಮ' ಅಂದರು. ಆ ವಿಷಯ ಅಲ್ಲಿಗೇ ಬಿಟ್ಟೆ. ಈಗೊಂದು ತಿಂಗಳಿಂದ ಅವರೇ ಸಂಜೆ ಅರ್ಧ ಲೋಟಕ್ಕೆ ಇಳಿಸಿದ್ದಾರೆ. ಎಚ್ಚರ ಇನ್ನೂ ಆಗುತ್ತಂತೆ, ಆದರೆ ಎದ್ದು ಬಂದು ಕೂರಲ್ಲ. ಐದಕ್ಕೆ ಹೇಗೂ ಕಾಫಿ ಇದೆ ಅಂತ ಮಗ್ಗುಲು ಬದಲಿಸಿ ಮಲಗ್ತಾರಂತೆ.

ಅಂದಹಾಗೆ ನಮ್ಮ ಮನೆಯ ಜನರಲ್ ಶಿಫ್ಟ್‌ನವರು, ಅಂದರೆ ನನ್ನ ಗಂಡ, ಎಂಟಕ್ಕೆ ಎದ್ದು ಕಾಫಿ ಇದೆಯಾ ಅಂತ ಕೇಳ್ತಾರೆ. ಇದೆ, ಸೆಕೆಂಡ್ ಡಿಕಾಕ್ಷನ್.

5.05ರಿಂದ 5.40ರ ತನಕ ನಾವು ಏನು ಮಾತಾಡ್ತೀವಿ ಅಂತ ಗೆಳತಿಯೊಬ್ಬಳು ಕೇಳಿದಳು. ದೊಡ್ಡದೇನಿಲ್ಲ. ಮಾವ ಕೈಗಡಿಯಾರಕ್ಕೆ ಕೀಲಿ ಕೊಡ್ತಾರೆ, ಹಳೇ ಎಚ್‌ಎಂಟಿ, ದಿನಾ ಅದೇ ಹೊತ್ತಿಗೆ ಕೊಡಬೇಕಂತೆ. ಕೊಪ್ಪದಲ್ಲಿ ಮಳೆ ಎಷ್ಟು ಅಂತ ಕೇಳ್ತಾರೆ. ಈ ಸಲ ಫಸಲು ಹೇಗೆ, ರೇಟು ಹೇಗೆ. ಪೌರಕಾರ್ಮಿಕರ ಪೊರಕೆ ಸದ್ದು ಬೀದಿಯ ಆ ತುದಿಯಿಂದ ಈ ತುದಿಗೆ ಬರುತ್ತೆ. ನಂದಿನಿ ಬೂತಿನಿಂದ ಹಾಲು ತರೋಕೆ ಅವರೇ ಹೋಗ್ತಾರೆ. ಕೆಲವು ದಿನ ಇಬ್ಬರೂ ಏನೂ ಮಾತಾಡಲ್ಲ, ಆದರೆ ಲೈಟ್ ಹಾಕಿರುತ್ತೆ.

ಸದ್ಯದ ಚಿಂತೆ ಅಕ್ಟೋಬರ್. ಅಕ್ಟೋಬರಿನ ಮೊದಲ ಭಾನುವಾರ ಸಿಡ್ನಿಯವರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟುಕೊಳ್ತಾರೆ, ಏಪ್ರಿಲ್ ತನಕ ಹಾಗೇ. ಅವರ ಹನ್ನೊಂದು ನಮಗೆ 5.30 ಆಗುತ್ತೆ. ಮಾವನಿಗೆ ಇದನ್ನು ಅರ್ಥ ಮಾಡಿಸೋಕೆ ಎರಡು ಬೆಳಗು ಹಿಡೀತು. ಸೂರ್ಯ ಇದ್ದಲ್ಲೇ ಇರುವಾಗ ಗಡಿಯಾರ ಯಾಕೆ ತಿರುಗಿಸಬೇಕು ಅಂತ ಅವರ ವಾದ, ನನ್ನ ಹತ್ತಿರ ಉತ್ತರ ಇಲ್ಲ. ಆಮೇಲೆ ಕ್ಯಾಲೆಂಡರ್ ಇಳಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿದರು. ವಾರಕ್ಕೆ 15 ನಿಮಿಷದಂತೆ ನಾಲ್ಕು ವಾರ. ಈ ವಾರ 4.35, ಮುಂದಿನ ವಾರ 4.20. ಕೊನೆಗೆ 3.50ಕ್ಕೆ ಬಂದು ನಿಂತಾಗ ಪೆನ್ಸಿಲ್ ಕೆಳಗಿಟ್ಟರು.

ತೊಂದರೆ ಇರೋದು ಹಾಲಿನದ್ದು. ಅಷ್ಟು ಹೊತ್ತಿಗೆ ಬೂತ್ ತೆಗೆದಿರಲ್ಲ, ಫ್ರಿಜ್ಜಿನಲ್ಲಿಟ್ಟ ನಿನ್ನೆಯ ಹಾಲಿನ ಕಾಫಿ ಅವರಿಗೆ ಆಗಲ್ಲ. ಊರಿಂದ ಬಂದ ಪುಡಿಯಲ್ಲಿ ಭಾನುವಾರಗಳಲ್ಲಿ ನಾನು ಮಾಡಿಕೊಳ್ಳೋ ಬೆಲ್ಲದ ಕರಿಕಾಫಿಯನ್ನು ಅವರು ಇಷ್ಟು ದಿನ ಕಷಾಯ ಅಂತಲೇ ಕರೆಯುತ್ತಿದ್ದರು. ನಿನ್ನೆ ಬೆಳಗ್ಗೆ ಅದರದ್ದೇ ಒಂದು ಲೋಟ ತಗೊಂಡು, ಎರಡು ಗುಟುಕು ಕುಡಿದು, ಸ್ವಲ್ಪ ಹೊತ್ತು ಯೋಚಿಸಿದರು. ಮುಂದಿನ ಸಲ ಊರಿಂದ ಯಾರಾದರೂ ಬರುವಾಗ ಬೆಲ್ಲ ಸ್ವಲ್ಪ ಜಾಸ್ತಿ ಕಳಿಸೋಕೆ ಹೇಳು ಅಂದರು.