ಗೇರ್‌ಬಾಕ್ಸ್ ಇಳಿಸೋ ಮುಂಚೆ ವೋಲ್ಟ್ ಬರೆದು ಕೊಡಿ
ಹಳೇ ಕಾರು, ಬಿಕಾಂ ಲೆಕ್ಕ | ಭಾಗ 7 🔧

"ಕಿಕ್‌ಡೌನ್ ಬರ್ತಿಲ್ವಾ? ಹಾಗಾದ್ರೆ ಗೇರ್‌ಬಾಕ್ಸ್ ಹೋಗಿದೆ, ಇಳಿಸ್ಬೇಕು." ಅಮೆರಿಕದ ಹಳೇ ಆಟೊಮ್ಯಾಟಿಕ್ ಕಾರುಗಳ ವಿಷಯದಲ್ಲಿ ಇದಕ್ಕಿಂತ ದುಬಾರಿ ಮಾತು ಇನ್ನೊಂದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ವೈರಿನಲ್ಲಿ ಎಷ್ಟು ವೋಲ್ಟ್ ಬಂತು ಅಂತ ಅಳೆದು ಬರೆದುಕೊಡೋವರೆಗೂ ಗೇರ್‌ಬಾಕ್ಸ್ ಇಳಿಸೋಕೆ ಯಾರೂ ಒಪ್ಪಬಾರದು. ವೋಚರ್ ಇಲ್ಲದೆ ಎಂಟ್ರಿ ಹಾಕಬೇಡ ಅಂತ ನಮಗೆ ಮೊದಲ ವರ್ಷವೇ ಕಲಿಸ್ತಾರೆ. ಗ್ಯಾರೇಜಿಗೂ ಅದೇ ನಿಯಮ ಇರಲಿ.

ಉದಾಹರಣೆಗೆ 1965ರಿಂದ 1967ರ ಬ್ಯೂಕ್ ರಿವಿಯೆರಾ ತಗೊಳ್ಳಿ. ಅದರಲ್ಲಿರೋದು ಜನರಲ್ ಮೋಟರ್ಸ್‌ನ ಮೂರು ಗೇರಿನ ಟರ್ಬೊ ಹೈಡ್ರಾಮ್ಯಾಟಿಕ್ 400. ಬ್ಯೂಕ್‌ನವರು ಇದನ್ನೇ ಸೂಪರ್ ಟರ್ಬೈನ್ 400 ಅಂತ ಕರೆದ್ರು. ಗಟ್ಟಿ ಗೇರ್‌ಬಾಕ್ಸ್ ಅಂತ ಹೆಸರು ಮಾಡಿದ್ದು. ಎಷ್ಟರಮಟ್ಟಿಗೆ ಅಂದ್ರೆ ರೋಲ್ಸ್ ರಾಯ್ಸ್ ತನ್ನ ಸಿಲ್ವರ್ ಶ್ಯಾಡೋಗೂ ಇದನ್ನೇ ಹಾಕ್ಕೊಂಡಿತ್ತು.

ಇದರಲ್ಲಿ ಎರಡು ಕೆಲಸ ಕರೆಂಟಿನಿಂದ ನಡೆಯುತ್ತೆ.

1️⃣ ಕಿಕ್‌ಡೌನ್. ಓವರ್‌ಟೇಕ್ ಮಾಡೋಕೆ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಒಂದು ಸ್ವಿಚ್ ಒತ್ತುತ್ತೆ, ಗೇರ್‌ಬಾಕ್ಸ್ ಒಳಗಿನ ಸೊಲೆನಾಯ್ಡ್‌ಗೆ 12 ವೋಲ್ಟ್ ಹೋಗುತ್ತೆ, ಎಣ್ಣೆಯ ಒತ್ತಡ ಬದಲಾಗಿ ಗೇರ್ ಒಂದು ಕೆಳಗಿಳಿಯುತ್ತೆ.

2️⃣ ಟಾರ್ಕ್ ಕನ್ವರ್ಟರ್. ಎದುರುಬದುರು ಇಟ್ಟ ಎರಡು ಫ್ಯಾನ್ ಊಹಿಸ್ಕೊಳ್ಳಿ, ನಡುವೆ ಗಾಳಿ ಬದಲು ಎಣ್ಣೆ. ಮಧ್ಯದಲ್ಲಿ ಸ್ಟೇಟರ್ ಅನ್ನೋ ಮೂರನೇ ಚಕ್ರ, ಅದು ಎಣ್ಣೆಯನ್ನ ಸರಿಯಾದ ದಿಕ್ಕಿಗೆ ತಿರುಗಿಸುತ್ತೆ. ಈ ಮೂರು ವರ್ಷದ ಕಾರುಗಳಲ್ಲಿ ಆ ಸ್ಟೇಟರಿನ ರೆಕ್ಕೆಗಳೇ ಕೋನ ಬದಲಿಸ್ತವೆ. ಅದಕ್ಕೊಂದು ಬೇರೆ ಸೊಲೆನಾಯ್ಡ್. ಕರೆಂಟ್ ಇದ್ರೆ ಎತ್ತರದ ಕೋನ, ಅಂದ್ರೆ ಸಿಗ್ನಲ್‌ನಲ್ಲಿ ನಿಂತಾಗ ಕಾರು ಮುಂದಕ್ಕೆ ಎಳೆಯೋದು ಕಮ್ಮಿ, ಜೋರಾಗಿ ತುಳಿದಾಗ ಎಳೆತ ಜಾಸ್ತಿ. ಕರೆಂಟ್ ಇಲ್ದಿದ್ರೆ ಕಮ್ಮಿ ಕೋನ, ಆರಾಮಾಗಿ ಹೋಗೋಕೆ.

ಈಗ ಯೋಚನೆ ಮಾಡಿ. ಎರಡೂ ಸೊಲೆನಾಯ್ಡ್‌ಗೆ ಕರೆಂಟ್ ಹೋಗೋದು ಅರವತ್ತು ವರ್ಷ ಹಳೇ ಸ್ವಿಚ್, ಹಳೇ ವೈರ್, ಎಣ್ಣೆ ಕುಡಿದ ಕನೆಕ್ಟರ್ ಮೂಲಕ. ಅಲ್ಲಿ ಕರೆಂಟ್ ನಿಂತ್ರೆ ಕಿಕ್‌ಡೌನ್ ಇಲ್ಲ, ಕಾರು ಹೊರಡುವಾಗ ಮಂಕು, ನಿಂತಾಗ ಎಳೆತ. ಡ್ರೈವರ್‌ಗೆ ಅನ್ಸೋದು "ಗೇರ್‌ಬಾಕ್ಸ್ ಮುಗೀತು" ಅಂತಲೇ. ಉಲ್ಟಾನೂ ಆಗುತ್ತೆ: ಕಿಕ್‌ಡೌನ್ ಸ್ವಿಚ್ ಅಂಟಿಕೊಂಡು ಕರೆಂಟ್ ಹರೀತಾನೇ ಇದ್ರೆ ಗೇರ್ ಮೇಲೇರೋದು ತುಂಬಾ ತಡ, ಎಂಜಿನ್ ಕೂಗಾಡುತ್ತೆ.

ಹಾಗಾಗಿ ಹುಡುಕೋ ಕ್ರಮ ಅಗ್ಗದಿಂದ ದುಬಾರಿಗೆ ಹೋಗಬೇಕು 👇

▪️ ಫ್ಯೂಸ್ ನೋಡಿ.
▪️ ಎಂಜಿನ್ ಆಫ್. ಒಬ್ಬರು ಪೆಡಲ್ ತುಳೀಲಿ, ಇನ್ನೊಬ್ಬರು ಬಾನೆಟ್ ಎತ್ತಿ ನೋಡ್ಲಿ. ಕಾರ್ಬುರೇಟರ್ ಪೂರ್ತಿ ತೆರೆಯುತ್ತಾ, ಸ್ವಿಚ್ ಒತ್ತುತ್ತಾ? ಪೆಡಲ್ ಕೆಳಗಿನ ದಪ್ಪ ಮ್ಯಾಟ್ ಒಂದೇ ಸಾಕು ಕಿಕ್‌ಡೌನ್ ನಿಲ್ಲಿಸೋಕೆ.
▪️ ಕೀ ಆನ್, ಎಂಜಿನ್ ಆಫ್, ಗೇರ್ ಪಾರ್ಕ್‌ನಲ್ಲಿ. ಗೇರ್‌ಬಾಕ್ಸ್ ಪಕ್ಕದ ಕನೆಕ್ಟರ್ ಬಿಚ್ಚಿ, ಪೆಡಲ್ ಪೂರ್ತಿ ತುಳಿದಾಗ ವೈರಿಗೆ 12 ವೋಲ್ಟ್ ಬರುತ್ತಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಿ.
▪️ ಬಂದ್ರೆ, ಗೇರ್‌ಬಾಕ್ಸ್ ಕಡೆಯ ಪಿನ್ನಿಗೂ ಅದರ ಲೋಹದ ಮೈಗೂ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಓಪನ್ ಅಂತ ತೋರಿಸಿದ್ರೆ ಒಳಗಿನ ಕಾಯಿಲ್ ಅಥವಾ ವೈರ್ ಕಟ್ ಆಗಿದೆ.
▪️ ಎಂಜಿನ್‌ನಿಂದ ಬಾಡಿಗೆ ಬರೋ ಅರ್ಥ್ ಪಟ್ಟಿ ಮರೀಬೇಡಿ. ಸೊಲೆನಾಯ್ಡ್ ಅರ್ಥ್ ಆಗೋದೇ ಗೇರ್‌ಬಾಕ್ಸ್ ಮೈಯಿಂದ.

ಇಷ್ಟಾದ ಮೇಲೂ ಎಲ್ಲ ಗೇರ್‌ಬಾಕ್ಸ್ ಇಳಿಸಬೇಕಾಗಲ್ಲ. ಕಿಕ್‌ಡೌನ್ ಸೊಲೆನಾಯ್ಡ್ ಆಯಿಲ್ ಪ್ಯಾನ್ ಬಿಚ್ಚಿದ್ರೆ ಕೈಗೆ ಸಿಗುತ್ತೆ. ಸ್ಟೇಟರಿಂದು ಪಂಪ್ ಹತ್ರ ಇದೆ, ಅದಕ್ಕೆ ಮಾತ್ರ ಗೇರ್‌ಬಾಕ್ಸ್ ಇಳಿಸ್ಲೇಬೇಕು. ಯಾವುದು ಕೆಟ್ಟಿದೆ ಅನ್ನೋ ಒಂದು ರೀಡಿಂಗ್ ಮೇಲೆ ಬಿಲ್ಲಿನ ಗಾತ್ರವೇ ಬದಲಾಗುತ್ತೆ, ಅಲ್ವಾ?

ಗೇರ್ ಧಡ್ ಅಂತ ತಡವಾಗಿ ಬೀಳ್ತಿದ್ರೆ ಅದು ಬೇರೆ ಕಥೆ. ವ್ಯಾಕ್ಯೂಮ್ ಮಾಡ್ಯುಲೇಟರ್ ಮತ್ತು ಅದರ ರಬ್ಬರ್ ಪೈಪ್ ನೋಡಿ. ಆ ಮಾಡ್ಯುಲೇಟರ್ ಒಳಗೆ ಹರಿದಿದ್ರೆ ಎಂಜಿನ್ ಗೇರ್ ಎಣ್ಣೆಯನ್ನೇ ಎಳ್ಕೊಂಡು ಬಿಳಿ ಹೊಗೆ ಬಿಡುತ್ತೆ. ಅದೂ ಹೊರಗಿಂದಲೇ ಬದಲಿಸೋ ಭಾಗ.

ಮೆಕ್ಯಾನಿಕ್‌ಗಳ ಕಡೆಯ ವಾದ ನಂಗೆ ಅರ್ಥ ಆಗುತ್ತೆ. ಒಂದು ಗಂಟೆ ಮೀಟರ್ ಹಿಡಿದು ಕೂತ್ರೆ "ಏನೂ ರಿಪೇರಿ ಮಾಡಿಲ್ವಲ್ಲ" ಅಂತ ನಾವೇ ದುಡ್ಡು ಕೊಡಲ್ಲ. ತಪ್ಪು ಅಲ್ಲೇ ಇದೆ. ಟೆಸ್ಟ್ ಕೂಡ ಕೆಲಸ, ಅದಕ್ಕೂ ಕೂಲಿ ಕೊಡಿ. ಬಿಲ್‌ನಲ್ಲಿ ಅದಕ್ಕೊಂದು ಸಾಲು ಇರಲಿ: ಏನು ಅಳೆದ್ರು, ಎಷ್ಟು ಬಂತು.

ಇನ್ನು ಕೆಲವರು "ಹೊಸ ಓವರ್‌ಡ್ರೈವ್ ಗೇರ್‌ಬಾಕ್ಸ್ ಕೂರಿಸಿ, ಹೆದ್ದಾರೀಲಿ ಪೆಟ್ರೋಲ್ ಉಳಿಯುತ್ತೆ" ಅಂತಾರೆ. ಉಳಿಯುತ್ತೆ, ನಿಜ. ಬೇಕಾದವರು ಮಾಡಿಸ್ಕೊಳ್ಲಿ. ಆದ್ರೆ ಅದು ಇಷ್ಟಪಟ್ಟು ಮಾಡೋ ಖರ್ಚು, ರಿಪೇರಿ ಅಲ್ಲ. ಎರಡನ್ನೂ ಒಂದೇ ಖಾತೆಗೆ ಬರೀಬೇಡಿ. ಕೋನ ಬದಲಿಸೋ ಈ ಕನ್ವರ್ಟರ್ 1967ಕ್ಕೇ ನಿಂತುಹೋಯ್ತು. ಒಂದು ಸ್ವಿಚ್ ಕೆಟ್ಟಿದ್ದಕ್ಕೆ ಅದನ್ನ ಗುಜರಿಗೆ ಹಾಕಿದ್ರೆ ಅಂಥದ್ದು ಇನ್ನು ಹೊಸದಾಗಿ ತಯಾರಾಗಲ್ಲ.

ವೋಲ್ಟ್ ಸರಿ, ಕಾಯಿಲ್ ಸರಿ, ಸೊಲೆನಾಯ್ಡ್ ಟಕ್ ಅಂತ ಸದ್ದೂ ಮಾಡ್ತು, ಆದ್ರೂ ಗೇರ್ ಇಳೀಲಿಲ್ಲ ಅಂದ್ರೆ? ಆಗ ಬಿಚ್ಚಿ, ತಪ್ಪಿಲ್ಲ. ಕೈಯಲ್ಲಿ ವೋಚರ್ ಇದೆಯಲ್ಲ.

ನಿಮ್ಮ ಗಾಡಿ ಯಾವುದೇ ಆಗ್ಲಿ, ಟೆಸ್ಟ್ ರೀಡಿಂಗ್ ಬರೆದುಕೊಟ್ಟ ಬಿಲ್ ಯಾವತ್ತಾದ್ರೂ ನೋಡಿದ್ದೀರಾ? ಕಾಮೆಂಟ್‌ನಲ್ಲಿ ಹೇಳಿ 👇 ಭಾಗ 8ರಲ್ಲಿ ಕೇಬಲ್ ಮತ್ತು ರಾಡಿನ ಕಿಕ್‌ಡೌನ್.

#ಹಳೇಕಾರು #ಗೇರ್‌ಬಾಕ್ಸ್ #ಬಿಕಾಂಲೆಕ್ಕ #ಕನ್ನಡದಲ್ಲೇ