ಪಿಯುಸಿಯಲ್ಲಿ ಕಲಿತದ್ದಕ್ಕೆ ಪದವಿಯಲ್ಲಿ ಬೆಲೆ ಎಲ್ಲಿ?

ಬಿ.ಕಾಂ. ಮೊದಲ ಸೆಮಿಸ್ಟರಿನ ತರಗತಿಯಲ್ಲಿ ಉಪನ್ಯಾಸಕರು ಬೋರ್ಡಿನ ಮೇಲೆ ಜರ್ನಲ್ ಎಂಟ್ರಿ ಬರೆಯತೊಡಗಿದರೆ ಅರ್ಧ ಬೆಂಚು ಕಿಟಕಿಯ ಹೊರಗೆ ನೋಡುತ್ತಿರುತ್ತದೆ. ಆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಪಿಯುಸಿಯಲ್ಲಿ ಎರಡು ವರ್ಷ ಇದನ್ನೇ ಅರೆದು ಕುಡಿದು, ಅಕೌಂಟೆನ್ಸಿಯಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದು ಬಂದವರು ಅವರು. ವಿಜ್ಞಾನ ಓದಿ ಬಂದ ನಾಲ್ಕೈದು ಮಂದಿಗೆ ಲೆಡ್ಜರ್ ಎಂದರೇನೆಂದು ಗೊತ್ತಿರುವುದಿಲ್ಲ. ಅವರಿಗಾಗಿ ಇಡೀ ತರಗತಿ ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕು. ಬಿ.ಎಸ್ಸಿ. ಗಣಿತದಲ್ಲೂ ಇದೇ ಹಾಡು. ಸಿಇಟಿಗೆಂದು ಡಿಫರೆನ್ಶಿಯೇಶನ್ ಲೆಕ್ಕಗಳನ್ನು ನಿದ್ದೆಗಣ್ಣಲ್ಲೂ ಬಿಡಿಸುತ್ತಿದ್ದ ಹುಡುಗಿ ಜುಲೈಯಲ್ಲಿ ಕೂತು ಅದರ ವ್ಯಾಖ್ಯೆ ಬರೆದುಕೊಳ್ಳುತ್ತಾಳೆ.

ಅಮೆರಿಕದಲ್ಲಿ ನೆಲೆಸಿದ ನಮ್ಮೂರಿನವರು ರಜೆಗೆ ಬಂದಾಗ ಮಗ ಇಷ್ಟು ‘ಎಪಿ’ ಮಾಡಿದ, ಮಗಳು ಅಷ್ಟು ಮಾಡಿದಳು ಎನ್ನುವುದನ್ನು ಕೇಳಿರಬಹುದು. ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಎಂಬ ಈ ವ್ಯವಸ್ಥೆ 1950ರ ದಶಕದಿಂದ ಅಲ್ಲಿದೆ. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠ ಓದಿ, ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆ ಬರೆಯುವುದು. ಅಂಕ 1ರಿಂದ 5. ಮೂರೋ ನಾಲ್ಕೋ ಬಂದರೆ ಬಹಳಷ್ಟು ವಿಶ್ವವಿದ್ಯಾನಿಲಯಗಳು ಆ ವಿಷಯದ ಕ್ರೆಡಿಟ್ ಕೊಟ್ಟುಬಿಡುತ್ತವೆ. ಹೆಸರಾಂತ ಕೆಲವು ಕಡೆ ಐದೇ ಬೇಕು. ಅಲ್ಲಿನ ಶುಲ್ಕ ನೋಡಿದರೆ ಒಂದು ಸೆಮಿಸ್ಟರ್ ಉಳಿಯುವುದೆಂದರೆ ಒಂದು ಕಾರು ಉಳಿದಂತೆ.

ಕಾಗದದ ಮೇಲೆ ನಾವೇನೂ ಹಿಂದೆ ಬಿದ್ದಿಲ್ಲ. 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು. 2023ರಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬಂತು. ವರ್ಷಕ್ಕೆ 1200 ಗಂಟೆಯ ಕಲಿಕೆಗೆ 40 ಕ್ರೆಡಿಟ್, ಅಂದರೆ ಮೂವತ್ತು ಗಂಟೆಗೆ ಒಂದು. ಹತ್ತನೇ ತರಗತಿಗೆ ಮೂರನೇ ಹಂತ, ದ್ವಿತೀಯ ಪಿಯುಸಿಗೆ ನಾಲ್ಕು, ಪದವಿಯ ಮೊದಲ ವರ್ಷಕ್ಕೆ ನಾಲ್ಕೂವರೆ. ಶಾಲೆಯ ಮಕ್ಕಳಿಗೂ ಹನ್ನೆರಡು ಅಂಕಿಯ ಅಪಾರ್ ಸಂಖ್ಯೆ ಬಂದಿದೆ; ಹೆತ್ತವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ. ಖಾತೆ ತೆರೆದಾಯಿತು, ಪಾಸ್‌ಬುಕ್ ಕೊಟ್ಟಾಯಿತು. ಆದರೆ ನಾಲ್ಕನೇ ಹಂತದಲ್ಲಿ ಜಮೆಯಾದದ್ದನ್ನು ನಾಲ್ಕೂವರೆಯಲ್ಲಿ ಬಿಡಿಸಿಕೊಳ್ಳುವ ಕೌಂಟರ್ ನಮ್ಮ ಪದವಿ ಕಾಲೇಜುಗಳಲ್ಲಿ ಇಲ್ಲ. ಯುಜಿಸಿ 2024ರ ನವೆಂಬರಿನಲ್ಲಿ ಒಪ್ಪಿದ ವೇಗದ ಪದವಿ ಯೋಜನೆಯೂ ಮೂರು ವರ್ಷದ್ದನ್ನು ಐದು ಸೆಮಿಸ್ಟರಿನಲ್ಲಿ ಮುಗಿಸಲು ಬಿಡುತ್ತದೆ, ನಿಜ. ಆದರೆ ಅದು ನೋಡುವುದು ಮೊದಲೆರಡು ಸೆಮಿಸ್ಟರಿನ ಸಾಧನೆಯನ್ನು. ಹಿಂದೆ ಕಲಿತದ್ದು ಅಲ್ಲೂ ಹೊರಗೇ ನಿಂತಿತು.

ಕರ್ನಾಟಕದ ಕತೆ ಇನ್ನೂ ಗೋಜಲು. 2021ರಲ್ಲಿ ದೇಶಕ್ಕೆ ಮೊದಲು ನಾವೇ ಎಂದು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದೆವು. 2023ರಲ್ಲಿ ಸರ್ಕಾರ ಬದಲಾಗಿ ರಾಜ್ಯದ್ದೇ ಶಿಕ್ಷಣ ನೀತಿಗೆಂದು ಸುಖದೇವ ಥೋರಟ್ ಆಯೋಗ ನೇಮಕವಾಯಿತು, 2024ರಲ್ಲಿ ನಾಲ್ಕು ವರ್ಷದ್ದು ಹೋಗಿ ಮತ್ತೆ ಮೂರು ವರ್ಷದ ಪದವಿ ಬಂತು. ಪುಂಜಾಲಕಟ್ಟೆಯಲ್ಲೋ ವಾಮದಪದವಿನಲ್ಲೋ ಇರುವ ಸರ್ಕಾರಿ ಕಾಲೇಜಿನ ಪ್ರಾಂಶುಪಾಲರು ಒಂದೇ ಕಟ್ಟಡದಲ್ಲಿ ಎರಡೆರಡು ಪಠ್ಯಕ್ರಮ ನಡೆಸಿ ಸುಸ್ತಾದವರು. ಅವರ ಮುಂದೆ ಹೊಸ ಯೋಜನೆಯ ಹೆಸರೆತ್ತುವಾಗ ನನಗೂ ಸ್ವಲ್ಪ ಅಂಜಿಕೆಯೇ.

ಪಿಯುಸಿ ವಯಸ್ಸಿನ ಓದನ್ನು ಪದವಿಯ ಲೆಕ್ಕಕ್ಕೆ ಹಿಡಿಯುವುದು ಹೊಸತೇನೂ ಅಲ್ಲ ಎಂಬುದೇ ಇಲ್ಲಿ ಸಮಾಧಾನ. 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನಲ್ಲಿತ್ತು. ಆಗ ಮೆಟ್ರಿಕ್ ಮುಗಿಸಿದವರು ಮಂಗಳೂರಿನ ಸರ್ಕಾರಿ ಕಾಲೇಜಿಗೋ ಅಲೋಶಿಯಸ್‌ಗೋ ಹೋಗಿ ಎರಡು ವರ್ಷ ಇಂಟರ್‌ಮೀಡಿಯೆಟ್ ಓದುತ್ತಿದ್ದರು. ಪರೀಕ್ಷೆ ನಡೆಸುತ್ತಿದ್ದದ್ದು ಮದರಾಸು ವಿಶ್ವವಿದ್ಯಾನಿಲಯ. ಆಮೇಲೆ ಬಿ.ಎ.ಗೆ ಇನ್ನೆರಡೇ ವರ್ಷ. ಇವತ್ತು ನಾವು ಪಿಯುಸಿ ಎಂದು ಕರೆಯುವ ವಯಸ್ಸಿನ ಓದು ನಮ್ಮ ಅಜ್ಜಂದಿರ ಕಾಲದಲ್ಲಿ ವಿಶ್ವವಿದ್ಯಾನಿಲಯದ ಲೆಕ್ಕದಲ್ಲೇ ಇತ್ತು. 1970ರ ದಶಕದಲ್ಲಿ ಎರಡು ವರ್ಷದ ಪಿಯುಸಿ ಬಂದು ಬೇರೆ ಮಂಡಳಿಯ ಪಾಲಾದ ಮೇಲೆ ಮಧ್ಯೆ ಗೋಡೆ ಎದ್ದಿತು. ತಮಾಷೆಯೆಂದರೆ, ಉಜಿರೆಯಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಪಿಯು ಮತ್ತು ಪದವಿ ಎರಡನ್ನೂ ನಡೆಸುವುದು ಒಂದೇ ಆಡಳಿತ ಮಂಡಳಿ. ಪಿಯುಸಿಯಲ್ಲಿ ಪಾಠ ಮಾಡಿದ ಮೇಷ್ಟ್ರು, ಪದವಿಯಲ್ಲಿ ಅದೇ ಪಾಠ ಮತ್ತೆ ಮಾಡುವ ಮೇಷ್ಟ್ರು, ಇಬ್ಬರೂ ಚಹಾ ಕುಡಿಯುವುದು ಒಂದೇ ಕ್ಯಾಂಟೀನಿನಲ್ಲಿ.

ಗೋಡೆಯಲ್ಲಿ ಒಂದು ಬಾಗಿಲೂ ಇದೆ. ಬಂಟ್ವಾಳದ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ ಡಿಪ್ಲೊಮಾ ಮಾಡಿದ ಹುಡುಗ ಡಿಸಿಇಟಿ ಬರೆದು ಮೂಡುಬಿದಿರೆಯ ಮೈಟ್‌ಗೋ ಮಿಜಾರಿನ ಆಳ್ವಾಸ್ ಎಂಜಿನಿಯರಿಂಗ್ ಕಾಲೇಜಿಗೋ ಸೀದಾ ಎರಡನೇ ವರ್ಷಕ್ಕೆ ಸೇರುತ್ತಾನೆ. ಬಿ.ಇ.ಗೆ ವಿಟಿಯು ನಿಗದಿ ಮಾಡಿದ 160 ಕ್ರೆಡಿಟ್‌ಗಳಲ್ಲಿ ಮೊದಲ ವರ್ಷದ 40 ಅವನಿಗೆ ಮಾಫಿ. ಗಣಿತದಲ್ಲಿ ಡಿಪ್ಲೊಮಾದವರು ಹಿಂದೆ ಎಂದು ಕಂಡಾಗ ವಿಟಿಯು ಬಾಗಿಲು ಮುಚ್ಚಲಿಲ್ಲ. ಮೂರನೇ, ನಾಲ್ಕನೇ ಸೆಮಿಸ್ಟರಿಗೆ ಕ್ರೆಡಿಟ್ ಇಲ್ಲದ ಹೆಚ್ಚುವರಿ ಗಣಿತ ಕಟ್ಟಿತು. ಕೊರತೆ ಎಲ್ಲಿದೆಯೋ ಅಲ್ಲಿಗೆ ಮಾತ್ರ ಮದ್ದು. ಡಿಪ್ಲೊಮಾದವನಿಗೆ ಸಲ್ಲುವ ಈ ನ್ಯಾಯ ಕಾಮರ್ಸ್ ಓದಿದ ಹುಡುಗಿಗೆ ಯಾಕೆ ಸಲ್ಲಬಾರದು?

ಪಿಯುಸಿಯಷ್ಟೇ ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಹೈಸ್ಕೂಲು ಮುಗಿಯುವುದರೊಳಗೆ ಭರತನಾಟ್ಯದಲ್ಲೋ ಕರ್ನಾಟಕ ಸಂಗೀತದಲ್ಲೋ ಜೂನಿಯರ್, ಸೀನಿಯರ್ ಪಾಸು ಮಾಡಿದ ಮಕ್ಕಳು ಎಷ್ಟಿಲ್ಲ! ಹಿಂದಿ ಪ್ರಚಾರ ಸಭೆಯ ಪ್ರಾಥಮಿಕದಿಂದ ರಾಷ್ಟ್ರಭಾಷಾದವರೆಗೆ ಬರೆದವರಿದ್ದಾರೆ. ಚಿತ್ರಕಲೆಯ ಲೋವರ್, ಹೈಯರ್ ಗ್ರೇಡ್ ಮುಗಿಸಿದವರಿದ್ದಾರೆ. ಎಲ್ಲವೂ ಪಠ್ಯ, ಪರೀಕ್ಷಕರು, ಅಂಕಪಟ್ಟಿ ಇರುವ ಪರೀಕ್ಷೆಗಳೇ. ಸರ್ಟಿಫಿಕೇಟುಗಳು ಪ್ಲಾಸ್ಟಿಕ್ ಕವರಿನಲ್ಲಿ ಗೋದ್ರೆಜ್ ಒಳಗೆ ಬೆಚ್ಚಗಿವೆ. ರಾಷ್ಟ್ರೀಯ ಚೌಕಟ್ಟು ಕಲೆಗೂ ಕ್ರೆಡಿಟ್ ಕೊಡಬಹುದು ಎನ್ನುತ್ತದೆ, ಕೇಳುವವರಿಲ್ಲ.

ಹಾಗೆಂದು ಎಪಿಯಂಥ ಪರೀಕ್ಷೆಯೊಂದನ್ನು ಇಲ್ಲಿಗೆ ತನ್ನಿ ಎಂದರೆ ನಾನು ಅಡ್ಡ ಬರುತ್ತೇನೆ. ನಮ್ಮ ಜಿಲ್ಲೆಯ ಜಾಯಮಾನ ಗೊತ್ತಿದೆ. ದ್ವಿತೀಯ ಪಿಯುಸಿಯಲ್ಲಿ 2024ರಲ್ಲಿ ಶೇ. 97.37 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲು, 2025ರಲ್ಲಿ ಶೇ. 93.57 ಬಂದು ಉಡುಪಿಯ ಹಿಂದೆ ಎರಡನೆಯದು, ಅಷ್ಟಕ್ಕೇ ಮುಖ ಸಣ್ಣದು ಮಾಡಿಕೊಂಡವರು ನಾವು. ನೀಟ್, ಸಿಇಟಿ, ಜೆಇಇ ಸಾಲಿಗೆ ಇನ್ನೊಂದು ಸೇರಿದರೆ ಮರುದಿನವೇ ಅದಕ್ಕೊಂದು ಇಂಟಿಗ್ರೇಟೆಡ್ ಬ್ಯಾಚ್, ಅದಕ್ಕೊಂದು ಫೀಸು, ಬಿ.ಸಿ.ರೋಡಿನ ಸರ್ಕಲ್ಲಿನಲ್ಲಿ ರ‍್ಯಾಂಕ್ ಬಂದವರ ಫ್ಲೆಕ್ಸು. ಶಿಶಿಲದಿಂದ, ಚಾರ್ಮಾಡಿಯಿಂದ ಬಸ್ಸು ಹಿಡಿದು ಬರುವ, ತಾಯಿ ಬೀಡಿ ಕಟ್ಟಿ ಓದಿಸುವ ಮಗುವಿಗೆ ಅದರಲ್ಲಿ ಪಾಲಿರುವುದಿಲ್ಲ.

ಪಿಯುಸಿ ಅಂಕವನ್ನೇ ನಂಬಿ ಕ್ರೆಡಿಟ್ ಕೊಡಿ ಎಂದೂ ಹೇಳಲಾರೆ. ತೊಂಬತ್ತೈದು ಬಂದವನಿಗೆ ಅಡಾವೆ ಪತ್ರಿಕೆಯ ಎರಡು ಬದಿ ಯಾಕೆ ಸರಿಹೊಂದಬೇಕು ಎಂದು ಕೇಳಿದರೆ ಬಾಯಿ ಕಟ್ಟುತ್ತದೆ ಎನ್ನುವ ಪದವಿ ಉಪನ್ಯಾಸಕರ ದೂರು ಸುಳ್ಳಲ್ಲ.

ದಾರಿ ಸರಳವಿದೆ. ಕಾಲೇಜಿಗೆ ಸೇರಿದ ಮೊದಲ ತಿಂಗಳಲ್ಲೇ, ಇಷ್ಟವಿದ್ದವರನ್ನು ಮಾತ್ರ ಕೂರಿಸಿ, ಅದೇ ಕಾಲೇಜಿನ ಮೊದಲ ಸೆಮಿಸ್ಟರಿನ ಪ್ರಶ್ನೆಪತ್ರಿಕೆ ಕೊಡಿ. ಅರವತ್ತೋ ಎಪ್ಪತ್ತೋ, ಒಂದು ಗೆರೆ ಎಳೆಯಿರಿ. ದಾಟಿದವರಿಗೆ ಆ ವಿಷಯದ ಕ್ರೆಡಿಟ್ ಬರೆದುಬಿಡಿ. ದಾಟದವರಿಗೆ ನಷ್ಟವೇನಿಲ್ಲ, ತರಗತಿಯಲ್ಲಿ ಕೂತರಾಯಿತು. ಸೀಟು ಸಿಕ್ಕ ಮೇಲಿನ ಪರೀಕ್ಷೆಯಾದ್ದರಿಂದ ಕೋಚಿಂಗಿನವರಿಗೆ ಮಾರಲು ಏನೂ ಉಳಿಯುವುದಿಲ್ಲ. ಉಳಿದ ಗಂಟೆಗಳಲ್ಲಿ ಯಾರೋ ಒಬ್ಬರು ಮೇಲಿನ ಪೇಪರ್ ಓದಲಿ, ಇನ್ನೊಬ್ಬರು ಸಿಎ ಫೌಂಡೇಶನ್‌ಗೆ ಕೂರಲಿ. ವಾರಾಂತ್ಯ ಮದುವೆ ಹಾಲಿನಲ್ಲಿ ಕ್ಯಾಟರಿಂಗ್ ಹುಡುಗರ ಜೊತೆ ಬಡಿಸಿ ಫೀಸು ಹೊಂದಿಸುವವನು ಮಧ್ಯಾಹ್ನ ಲೈಬ್ರರಿಯಲ್ಲಿ ಕೂತು ಓದಲಿ, ಅದೂ ಆಗಲಿ.

ಅಡ್ಡಿ ಬರುವುದು ಬೇರೆ ಕಡೆಯಿಂದ, ಅದನ್ನು ಬಚ್ಚಿಟ್ಟು ಮಾತಾಡಬಾರದು. ಸರ್ಕಾರಿ ಕಾಲೇಜುಗಳು ನಿಂತಿರುವುದು ಅತಿಥಿ ಉಪನ್ಯಾಸಕರ ಮೇಲೆ; ಅವರ ಸಂಬಳ, ಕೆಲಸ ಎರಡೂ ನಿಂತಿರುವುದು ವಾರದ ಪಾಠದ ಗಂಟೆಯ ಮೇಲೆ. ಹತ್ತು ಮಕ್ಕಳಿಗೆ ವಿನಾಯಿತಿ ಕೊಟ್ಟ ಕಾರಣಕ್ಕೆ ಒಂದು ಸೆಕ್ಷನ್ ಮುಚ್ಚಿ ಅತಿಥಿ ಉಪನ್ಯಾಸಕರೊಬ್ಬರನ್ನು ಮನೆಗೆ ಕಳಿಸುವುದಾದರೆ ಈ ಸುಧಾರಣೆ ಯಾರಿಗೂ ಬೇಡ. ವಿನಾಯಿತಿ ಪಡೆದವರನ್ನೂ ಕಾರ್ಯಭಾರದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು ಎಂದು ಇಲಾಖೆ ಮೊದಲು ಆದೇಶ ಹೊರಡಿಸಬೇಕು. ಚಿಕ್ಕದಾದ ತರಗತಿಯಲ್ಲಿ ಉಳಿದ ಮಕ್ಕಳಿಗೆ ಪಾಠ ಚೆನ್ನಾಗಿ ಆಗುತ್ತದೆ, ಅದು ಲಾಭದ ಬಾಬ್ತು.

ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್ ಎರಡೂ ಸ್ವಾಯತ್ತ ಕಾಲೇಜುಗಳು. ಪಠ್ಯ, ಪ್ರಶ್ನೆಪತ್ರಿಕೆ ಎರಡೂ ಅವರ ಕೈಯಲ್ಲೇ ಇವೆ. ಮುಂದಿನ ಜೂನಿನಲ್ಲಿ ಬಿ.ಕಾಂ.ನ ಒಂದೇ ಒಂದು ವಿಷಯದಲ್ಲಿ ಇದನ್ನು ಮಾಡಿ ನೋಡಲಿ. ಮಂಗಳೂರು ವಿಶ್ವವಿದ್ಯಾನಿಲಯ ಅದಕ್ಕೆ ಒಪ್ಪಿಗೆಯ ಒಂದು ಸುತ್ತೋಲೆ ಹೊರಡಿಸಲಿ. ಬಂಟ್ವಾಳದ ಎಸ್‌ವಿಎಸ್‌ಗೂ ಸಿದ್ಧಕಟ್ಟೆ, ಬೆಳ್ತಂಗಡಿಯ ಸರ್ಕಾರಿ ಕಾಲೇಜುಗಳಿಗೂ ಆಮೇಲೆ ದಾರಿ ತಾನಾಗಿ ತೆರೆಯುತ್ತದೆ.