ಕಾರ್ಮಿಕನ ವಯಸ್ಸೆಷ್ಟು?

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ದಿನ ಬೆಳಗಾದರೆ ಹೃದಯಾಘಾತದ ಸಾವಿನ ಸುದ್ದಿ ಬರುತ್ತಿದ್ದುದನ್ನು ಓದುಗರು ಮರೆತಿರಲಾರರು. ಸತ್ತವರಲ್ಲಿ ಹರೆಯದವರೂ ಇದ್ದರು. ಜನ ಗಾಬರಿಗೊಂಡು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ವಿಚಾರಣೆ ನಡೆಸಿ, ಸಾವಿನ ಸಂಖ್ಯೆಯಲ್ಲಿ ಅಸಹಜವಾದ ಏರಿಕೆ ಇಲ್ಲವೆಂದು ವರದಿ ಕೊಟ್ಟಿತು. ವರದಿ ಸರಿಯೇ ಇರಬಹುದು. ಆದರೆ ದುಡಿಯುವ ವಯಸ್ಸಿನ ಮನುಷ್ಯ ಎದೆ ಹಿಡಿದುಕೊಂಡು ಕುಸಿಯುವುದು ನಮ್ಮ ನಾಡಿನಲ್ಲಿ ಸಹಜವೇ ಆಗಿಹೋಗಿದೆ ಎಂದಲ್ಲವೆ ಅದರ ಅರ್ಥ? ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೇ ಆಗುತ್ತದೆ, ಉಳಿದ ದೇಶಗಳವರಿಗೆ 59ರ ಸುಮಾರಿಗೆ ಎಂದು 2007ರಲ್ಲೇ ವೈದ್ಯ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದರು.

ಭಯ ಹುಟ್ಟಿದ ಕಡೆ ಅಂಗಡಿ ತೆರೆಯುವವರು ಇದ್ದೇ ಇರುತ್ತಾರೆ. “ನಿಮ್ಮ ದೇಹದ ನಿಜವಾದ ವಯಸ್ಸನ್ನು ತಿಳಿಯಿರಿ” ಎಂದು ಖಾಸಗಿ ಪ್ರಯೋಗಾಲಯಗಳು ಈಗ ಜಾಹೀರಾತು ಹಾಕುತ್ತಿವೆ. ಇದರಲ್ಲಿ ನಿಜವೆಷ್ಟು, ಬೂಟಾಟಿಕೆಯೆಷ್ಟು ಎಂಬುದನ್ನು ದುಡಿಯುವ ಜನ ತಿಳಿದಿರಬೇಕು.

ನಿಜವಂತೂ ಇದೆ. ಒಂದೇ ವರ್ಷ ಗಿರಣಿಗೆ ಬಂದ ಎರಡು ಮಗ್ಗಗಳನ್ನು ನೋಡಿ. ಒಂದಕ್ಕೆ ಹೊತ್ತು ಹೊತ್ತಿಗೆ ಎಣ್ಣೆ ಬಿದ್ದಿದೆ, ವಿರಾಮ ಸಿಕ್ಕಿದೆ. ಇನ್ನೊಂದು ಮೂರು ಪಾಳಿಯಲ್ಲೂ ಓಡಿದೆ. ಅವುಗಳ ಮೇಲೆ ಅಚ್ಚೊತ್ತಿದ ಇಸವಿ ಒಂದೇ, ಸವೆತ ಒಂದೇ ಅಲ್ಲ. ಮನುಷ್ಯನ ಮೈಯೂ ಹಾಗೆಯೇ. ಹೃದಯದಿಂದ ಹೊರಟ ರಕ್ತನಾಳ ಎಳೆಯದಿದ್ದಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಹಳತಾದಂತೆ ಬಿರುಸಾಗುತ್ತದೆ, ಬಿರುಸಾದ ನಾಳದಲ್ಲಿ ನಾಡಿಯ ಅಲೆ ವೇಗವಾಗಿ ಓಡುತ್ತದೆ. ಆ ವೇಗವನ್ನು ಅಳೆದು, ಮುಂದೆ ಹೃದಯದ ಕಾಯಿಲೆ ಯಾರಿಗೆ ಹೆಚ್ಚು ಸಂಭವ ಎಂದು ಹೇಳಬಹುದು. ಬರಿಯ ಕೈಹಿಡಿತವೂ ಕೆಲವು ಸಂಗತಿ ಹೇಳುತ್ತದೆ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಹಿಡಿತವನ್ನು ಅಳೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಿಡಿತದ ಬಲ 5 ಕಿಲೋ ಕಡಿಮೆಯಾದಂತೆಲ್ಲ ಹೃದಯ ಮತ್ತು ರಕ್ತನಾಳದ ರೋಗದಿಂದ ಸಾಯುವ ಸಂಭವ ಶೇಕಡಾ 17ರಷ್ಟು ಹೆಚ್ಚುತ್ತಿತ್ತು. ಸಾವಿನ ಮುನ್ಸೂಚನೆ ಕೊಡುವುದರಲ್ಲಿ ರಕ್ತದೊತ್ತಡದ ಮೇಲಿನ ಅಂಕಿಗಿಂತಲೂ ಕೈಹಿಡಿತವೇ ಮೇಲಾಗಿತ್ತು.

ಇನ್ನೂ ಸೂಕ್ಷ್ಮವಾದ ಲೆಕ್ಕಗಳಿವೆ. ಜೀವಕೋಶದೊಳಗಿನ ವರ್ಣತಂತುಗಳ ತುದಿಗೆ ಟೆಲೊಮಿಯರ್ ಎಂಬ ಕಟ್ಟು ಇದೆ, ಕೋಶ ಒಡೆದು ಎರಡಾದಂತೆಲ್ಲ ಅದು ಮೋಟಾಗುತ್ತದೆ. ಅದರ ಗುಟ್ಟನ್ನು ಬಿಡಿಸಿದ ಮೂವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಬಂತು. 2013ರಲ್ಲಿ ಸ್ಟೀವ್ ಹೊರ್ವಾತ್ ಎಂಬ ವಿಜ್ಞಾನಿ ಡಿ.ಎನ್.ಎ. ಮೇಲೆ ಕೂರುವ ರಾಸಾಯನಿಕ ಗುರುತುಗಳನ್ನು 353 ಕಡೆ ಎಣಿಸಿ ವಯಸ್ಸು ಹೇಳುವ ಗಡಿಯಾರವನ್ನೇ ಕಟ್ಟಿದರು. ಅದೇ ಜಾತಿಯ ಇನ್ನೊಂದು ಲೆಕ್ಕ 2019ರಲ್ಲಿ ಬಂತು, ಅದು ಹೃದ್ರೋಗ ಎಷ್ಟು ಬೇಗ ಬಂದೀತೆಂಬುದನ್ನೂ ಮುಂದಾಗಿ ಸೂಚಿಸುತ್ತದೆ. 2018ರ ಮತ್ತೊಂದು ಲೆಕ್ಕಕ್ಕೆ ಇಷ್ಟು ದೊಡ್ಡ ಯಂತ್ರವೂ ಬೇಡ. ಸಕ್ಕರೆ, ಆಲ್ಬುಮಿನ್, ಕ್ರಿಯಾಟಿನಿನ್, ಬಿಳಿ ರಕ್ತಕಣ ಮುಂತಾದ ಒಂಬತ್ತು ಸಾಮಾನ್ಯ ರಕ್ತಪರೀಕ್ಷೆ, ಜೊತೆಗೆ ಹುಟ್ಟಿದ ವರ್ಷ ಇದ್ದರೆ ಸಾಕು.

ಹಾಗೆಂದು ಕೂಲಿಯ ಹಣ ಕಟ್ಟಿ ಈ ಪರೀಕ್ಷೆಗಳಿಗೆ ಓಡಬೇಕೆ? ಬೇಡವೆಂದೇ ನಮ್ಮ ಅಭಿಪ್ರಾಯ. ಸಾವಿರಾರು ಜನರನ್ನು ಒಟ್ಟು ಸೇರಿಸಿದಾಗ ನಿಜವಾಗುವ ಮಾತು ಒಬ್ಬನ ಮಟ್ಟಿಗೆ ಸುಳ್ಳಾಗಬಹುದು. ಸರಾಸರಿಯ ಮೋಸವನ್ನು ಸಮಾಜವಾದಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, 1963ರಲ್ಲಿ ಡಾ. ಲೋಹಿಯಾ ಅವರು ಲೋಕಸಭೆಯಲ್ಲಿ ಮೂರಾಣೆಯ ಲೆಕ್ಕವಿಟ್ಟು ಅದನ್ನೇ ಬಯಲಿಗೆಳೆದಿದ್ದರು. ಟೆಲೊಮಿಯರಿನ ಅಳತೆಯಂತೂ ಒಬ್ಬ ರೋಗಿಯ ಗತಿ ಹೇಳುವುದರಲ್ಲಿ ಬಹಳ ದುರ್ಬಲ. ರಕ್ತದೊತ್ತಡ, ಸಕ್ಕರೆ, ಕೊಬ್ಬು, ಬೀಡಿ ಸಿಗರೇಟು, ಇವನ್ನು ತಿಳಿದರೆ ವೈದ್ಯನಿಗೆ ಬೇಕಾದದ್ದು ಬಹುಮಟ್ಟಿಗೆ ತಿಳಿದಂತೆ. ಇವಕ್ಕೆ ತಗಲುವ ಖರ್ಚು ಅಲ್ಪ.

ಹಾಗಾದರೆ ಈ ವಿಜ್ಞಾನದಿಂದ ಕಾರ್ಮಿಕನಿಗೇನು ಪ್ರಯೋಜನ? ಪ್ರಯೋಜನವಿದೆ. ಯಾರ ಮೈ ಬೇಗ ಸವೆಯುತ್ತದೆ ಎಂಬ ಪ್ರಶ್ನೆಗೆ ಅದು ಸಾಕ್ಷಿ ಹೇಳುತ್ತದೆ. ಇಟಲಿ, ಐರ್ಲೆಂಡ್, ಆಸ್ಟ್ರೇಲಿಯಾಗಳ ಜನರ ರಕ್ತವನ್ನು ಈ ಗಡಿಯಾರದಿಂದ ಅಳೆದು 2017ರಲ್ಲಿ ವಿಜ್ಞಾನಿಗಳು ಕಂಡದ್ದೇನು? ಸಮಾಜದ ಕೆಳಗಿನ ಮೆಟ್ಟಿಲಲ್ಲಿದ್ದವರ ಗಡಿಯಾರ ಹೆಚ್ಚು ವೇಗವಾಗಿ ಓಡುತ್ತಿತ್ತು. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನ ಇದಕ್ಕೂ ಮೊದಲೇ ದಾರಿ ತೋರಿಸಿತ್ತು. ಅವರಲ್ಲಿ ಯಾರೂ ಹಸಿದವರಲ್ಲ, ಎಲ್ಲರಿಗೂ ಕಾಯಂ ಕೆಲಸ, ಎಲ್ಲರಿಗೂ ಸರ್ಕಾರದ ಉಚಿತ ವೈದ್ಯ. ಆದರೂ ಜವಾನರು, ಬಾಗಿಲು ಕಾಯುವವರು ಹೃದ್ರೋಗದಿಂದ ಸಾಯುತ್ತಿದ್ದ ಪ್ರಮಾಣ ಮೇಲಧಿಕಾರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚು. “ಅವರು ಸಿಗರೇಟು ಸೇದುತ್ತಾರೆ” ಎಂದು ಉತ್ತರ ಕೊಡುವವರಿದ್ದಾರೆ. ಸಿಗರೇಟು, ರಕ್ತದೊತ್ತಡ, ಕೊಬ್ಬು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರದ ಅರ್ಧಕ್ಕಿಂತ ಹೆಚ್ಚು ಭಾಗ ಉಳಿದೇ ಇತ್ತು. ಉಳಿದುದು ಏನು? ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು ಅದರ ದೊಡ್ಡ ಪಾಲು ಎಂದು ಆ ಅಧ್ಯಯನದ ಮುಂದಿನ ಭಾಗದಲ್ಲಿ ತಿಳಿದುಬಂತು. ಉಸ್ತುವಾರಿಯವನ ಗದರಿಕೆ ಕೇಳುತ್ತ ನಿಂತೇ ದುಡಿಯುವವನಿಗೆ ಇದನ್ನು ಲಂಡನ್ನಿನಿಂದ ಯಾರೂ ಬಂದು ಹೇಳಬೇಕಾಗಿಲ್ಲ.

ದುಡಿಮೆಯ ಗಂಟೆಯ ಮಾತೂ ಇದರಲ್ಲಿದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆಗೂ ಮೀರಿ ದುಡಿಯುವವರಿಗೆ ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು, ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಜಂಟಿಯಾಗಿ ಸಾರಿದವು. ಅದಾದ ಎರಡೇ ವರ್ಷಕ್ಕೆ, 2023ರಲ್ಲಿ, ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆ ದುಡಿಸಲು ಬಾಗಿಲು ತೆರೆಯಿತು. ವಾರಕ್ಕೆ 48 ಗಂಟೆಯ ಮಿತಿ ಇದೆಯಲ್ಲ ಎಂದು ಸಚಿವರು ಹೇಳಬಹುದು. ಓವರ್‌ಟೈಮ್ ಎಂಬುದೊಂದು ಇದೆಯೆಂದು ಅವರಿಗೂ ಗೊತ್ತು.

ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ನಮ್ಮ ದೇಶದ್ದೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ಭಾರತದ 50 ಊರುಗಳ 89 ಆಸ್ಪತ್ರೆಗಳಿಗೆ ಹೃದಯದ ತೊಂದರೆಯಿಂದ ಬಂದ 20,937 ಜನರ ಗತಿಯೇನಾಯಿತೆಂದು ನೋಡಿ 2008ರಲ್ಲಿ ಪ್ರಕಟಿಸಿದರು. ಮೂವತ್ತು ದಿನದೊಳಗೆ ಬಡವರಲ್ಲಿ ಶೇಕಡಾ 8.2 ಮಂದಿ ಸತ್ತಿದ್ದರು, ಶ್ರೀಮಂತರಲ್ಲಿ ಶೇಕಡಾ 5.5 ಮಂದಿ. ಬಡವರ ಮೈಯೇ ಹೆಚ್ಚು ಕೆಟ್ಟಿತ್ತೆ? ವಯಸ್ಸು, ಚಟ, ಇತರ ಕಾಯಿಲೆಗಳನ್ನು ಸರಿದೂಗಿಸಿ ನೋಡಿದರೂ ಅಂತರ ಹೋಗಲಿಲ್ಲ. ಸಿಕ್ಕಿದ ಚಿಕಿತ್ಸೆಯನ್ನು ಸರಿದೂಗಿಸಿ ನೋಡಿದಾಗ ಮಾತ್ರ ಅಂತರ ಮಾಯವಾಯಿತು! ಎಂದರೆ, ಬಡವನಿಗೂ ಶ್ರೀಮಂತನಿಗೆ ಸಿಕ್ಕ ಔಷಧ, ಸಿಕ್ಕ ಶಸ್ತ್ರಕ್ರಿಯೆ ಸಿಕ್ಕಿದ್ದರೆ ಅವನೂ ಅಷ್ಟೇ ಉಳಿಯುತ್ತಿದ್ದ. ನೋವು ಶುರುವಾಗಿ ಆಸ್ಪತ್ರೆ ಸೇರಲು ರೋಗಿಗಳಿಗೆ ಹಿಡಿಯುತ್ತಿದ್ದ ಹೊತ್ತೂ ಅದರಲ್ಲಿದೆ: ನಟ್ಟನಡುವಿನ ಲೆಕ್ಕ 360 ನಿಮಿಷ. ಆರು ಗಂಟೆ! ಅಷ್ಟರಲ್ಲಿ ಹೃದಯದ ಮಾಂಸ ಎಷ್ಟು ಸತ್ತಿರುತ್ತದೆಂಬುದನ್ನು ವೈದ್ಯರೇ ಹೇಳಬೇಕು. ಗ್ಯಾಸು, ಅಜೀರ್ಣ ಎಂದು ಸೋಡಾ ಕುಡಿದು ಪಾಳಿ ಮುಗಿಸುವವರು, ಗಿರಾಕಿ ಹೋಗಲೆಂದು ಕಾಯುವವರು ನಮ್ಮಲ್ಲಿ ಕಡಿಮೆಯೆ?

ಈ ದಿಕ್ಕಿನಲ್ಲಿ ರಾಜ್ಯ ಸರ್ಕಾರ ಒಂದು ಒಳ್ಳೆಯ ಹೆಜ್ಜೆಯಿಟ್ಟದ್ದನ್ನು ಒಪ್ಪದಿರುವುದು ಸಣ್ಣತನ. 2023ರಲ್ಲಿ ಪುನೀತ್ ರಾಜಕುಮಾರ್ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಏರ್ಪಾಡಾಯಿತು. ಆ ಮದ್ದು ರಾತ್ರಿ ಎರಡು ಗಂಟೆಗೂ ತಾಲೂಕು ಆಸ್ಪತ್ರೆಯಲ್ಲಿರಬೇಕು, ಕೊಡಬಲ್ಲ ವೈದ್ಯರೂ ಇರಬೇಕು. ರಾತ್ರಿ ಪಾಳಿಯವನಿಗೆ ಎದೆನೋವು ಹಗಲು ಹೊತ್ತಿನಲ್ಲೇ ಬರುವುದಿಲ್ಲ.

ಇನ್ನು ಕಾನೂನಿನ ಮಾತು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಾಗ, ನಲವತ್ತು ದಾಟಿದ ಕಾರ್ಮಿಕರಿಗೆ ಮಾಲೀಕರು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕೆಂದು ಸಾರಿತು. ಆ ಸಂಹಿತೆಗಳ ಉಳಿದ ಭಾಗದ ಬಗ್ಗೆ ನಮ್ಮ ತಕರಾರು ಬಹಳವಿದೆ, ಇದೊಂದನ್ನು ಸ್ವಾಗತಿಸುತ್ತೇವೆ. ಆದರೆ ಈ ನಲವತ್ತು ಯಾರ ನಲವತ್ತು? ಫ್ಯಾನಿನ ಕೆಳಗೆ ಕೂತ ಮ್ಯಾನೇಜರನ ನಲವತ್ತೂ, ಹದಿನೆಂಟಕ್ಕೇ ನೂಲಿನ ಖಾತೆಗೆ ಸೇರಿ ಹತ್ತಿಯ ಧೂಳು ಕುಡಿದು ವಾರಕ್ಕೊಂದು ಪಾಳಿ ಬದಲಿಸಿದವನ ನಲವತ್ತೂ ಒಂದೇ ಅಲ್ಲ. ಪಂಚಾಂಗದ ವಯಸ್ಸು ಬೇರೆ, ಮೈಯ ವಯಸ್ಸು ಬೇರೆ ಎಂದು ವಿಜ್ಞಾನವೇ ಹೇಳುತ್ತಿರುವಾಗ, ಗಿರಣಿ ಕೆಲಸಗಾರರ ತಪಾಸಣೆ ಮೂವತ್ತಕ್ಕೇ ಆರಂಭವಾಗಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಬದಲಿ ಕೆಲಸಗಾರರನ್ನೂ ಗುತ್ತಿಗೆಯವರನ್ನೂ ಅದರಿಂದ ಹೊರಗಿಡಕೂಡದು.

ಅಂಗಡಿಕಾರರಿಗೆ ಈ ಕಾನೂನಿನಲ್ಲಿ ಏನೂ ಇಲ್ಲ. ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ತನ್ನ ಕಿರಾಣಿ ಅಂಗಡಿಯಲ್ಲಿ ನಿಂತವನಿಗೆ ತಾನೇ ಮಾಲೀಕ, ತಾನೇ ಆಳು; ತಪಾಸಣೆ ಮಾಡಿಸುವವರಾರು? ಸಂತೆಯ ದಿನ ಮಾರುಕಟ್ಟೆಯಲ್ಲೇ ರಕ್ತದೊತ್ತಡ, ಸಕ್ಕರೆ ನೋಡುವ ಮೇಜೊಂದನ್ನು ನಗರಸಭೆಯವರು ಇಡಿಸಬಹುದು. ಸುಂಕ ವಸೂಲಿಗೆ ಮೇಜು ಹಾಕಲು ಅವರಿಗೆ ಎಂದೂ ಜಾಗದ ಅಭಾವ ಬಂದಿಲ್ಲ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ನಿನ್ನ ಮೈಗೆ ಐವತ್ತೆಂಟಾಗಿದೆ ಎಂಬ ಕಾಗದ ಮಾಲೀಕನ ಮೇಜಿಗೆ ಹೋದರೆ ಏನಾದೀತು? ಮೈಯನ್ನು ಸವೆಸಿದ ಗಿರಣಿಯೇ ಸವೆದ ಮೈಯನ್ನು ಬಾಗಿಲ ಹೊರಗೆ ಹಾಕಲು ಅದನ್ನು ನೆಪ ಮಾಡಿಕೊಂಡೀತು, ವಿಮೆಯವರು ಕಂತು ಏರಿಸಲು ಮಾಡಿಕೊಂಡಾರು. ಆದುದರಿಂದ ತಪಾಸಣೆಯ ಫಲಿತಾಂಶದ ಆಧಾರದ ಮೇಲೆ ಯಾರನ್ನೂ ಕೆಲಸದಿಂದ ತೆಗೆಯಕೂಡದು, ಕೂಲಿ ಇಳಿಸಕೂಡದು ಎಂಬ ಷರತ್ತನ್ನು ಸಂಘಗಳು ಮುಂದಿನ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ರಾತ್ರಿ ಪಾಳಿ ಒಗ್ಗದೆಂದು ವೈದ್ಯರು ಹೇಳಿದರೆ ಅದೇ ಸಂಬಳದ ಮೇಲೆ ಹಗಲು ಪಾಳಿ ಕೊಡಬೇಕು. ಪರೀಕ್ಷೆಯ ವರದಿ ವೈದ್ಯರಿಂದ ನೇರವಾಗಿ ಕೆಲಸಗಾರನ ಕೈಗೆ ಬರಬೇಕು, ಅವನು ಓದಬಲ್ಲ ಕನ್ನಡದಲ್ಲಿ ಇರಬೇಕು.